ಕ್ಯಾಪ್ಟನ್ ಓರ್ಲಾಳಿಗಾಗಿ ಅತ್ತದ್ದು

ಬೆಟ್ಟದ ಮೇಲಿನ ಕ್ಷಯದ ಆಸ್ಪತ್ರೆಗೆ ಬರುವಾಗ ಸೋನುನ್ ಚೀಲದಲ್ಲಿ ತಂದದ್ದು ಉಡುವ ಬಟ್ಟೆ, ಒಂದು ಉಣ್ಣೆ ಶಾಲು, ಮತ್ತೆ ಎರಡು ದಪ್ಪ ಪುಸ್ತಕ. ಪುಸ್ತಕದ ರಟ್ಟಿನ ಮೇಲೆ ಬೆಂಕಿ ಉಗುಳುವ ಆಕಾಶಹಡಗು. ಅದರ ಮುಂದೆ ಕೈಯಲ್ಲಿ ಬಂದೂಕು ಹಿಡಿದು, ಕೂದಲು ಗಾಳಿಗೆ ಬಿಟ್ಟುಕೊಂಡು ನಿಂತ ಹೆಂಗಸು. ವಾರ್ಡಿನ ಉಳಿದವರ ತಲೆದಿಂಬಿನ ಪಕ್ಕ ಪ್ರಾರ್ಥನೆಯ ಪುಸ್ತಕ, ಹೆಣಿಗೆ ಕಡ್ಡಿ, ಮಕ್ಕಳ ಫೋಟೋ ಇದ್ದರೆ ಇವಳ ಪಕ್ಕದಲ್ಲಿ ಈ ಬಂದೂಕಿನ ಹೆಂಗಸು.

ಬಾಗಿಲ ಬಳಿಯ ಮಂಚದ ರೈಕಾನ್ ಟೀಚರು ಕನ್ನಡಕ ಏರಿಸಿ ನೋಡಿದರು. ಶಾಲೆಯಲ್ಲಿ ಜೀವಮಾನವಿಡೀ ರಷ್ಯನ್ ಸಾಹಿತ್ಯ ಪಾಠ ಮಾಡಿದವರು.

"ಏನಮ್ಮ ಇದು?"

"ಕಾದಂಬರಿ, ಟೀಚರ್."

"ಇದನ್ನ ಕಾದಂಬರಿ ಅಂತಾರಾ? ಸಿನಿಮಾದ ಎಂಜಲು ಅಂತಾರೆ."

ಸೋನುನ್ ಎದುರಾಡಲಿಲ್ಲ. ಕಿರ್ಗಿಜ್ ರಾಜಧಾನಿ ಬಿಷ್ಕೆಕ್ಕಿನಲ್ಲಿ ವಿದ್ಯುತ್ ತಂತಿಯ ಟ್ರಾಲಿಬಸ್ ಓಡಿಸುವವಳು ಅವಳು. ಕುಡುಕರಿಂದ ಹಿಡಿದು, ಕುರಿಮರಿಗೆ ಟಿಕೆಟ್ ಯಾಕೆ ಎಂದು ಜಗಳ ತೆಗೆಯುವವರ ತನಕ ಎಲ್ಲರ ಬಾಯಿಗೂ ಪಳಗಿದ ಕಿವಿ ಅವಳದು. ಟೀಚರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. 'ದೂರದ ಬಂದರು' ಅಂತ ಮೂರು ಅಮೆರಿಕನ್ ಸಿನಿಮಾ ಬಂದಿದ್ದವು. ಸೋವಿಯತ್ ಒಕ್ಕೂಟ ಒಡೆಯುವ ಕಾಲಕ್ಕೆ ಊರೂರಿನ ನೆಲಮಾಳಿಗೆಗಳಲ್ಲಿ ಒಂದು ಟೀವಿ ಇಟ್ಟು ತೋರಿಸುತ್ತಿದ್ದರು. ಮೂಗು ಹಿಡಿದುಕೊಂಡಂಥ ದನಿಯಲ್ಲಿ ಯಾವನೋ ಒಬ್ಬನೇ ಗಂಡಸಿಗೂ ಹೆಂಗಸಿಗೂ ರಾಕ್ಷಸನಿಗೂ ರಷ್ಯನ್ನಿನಲ್ಲಿ ಮಾತು ಹೇಳುತ್ತಿದ್ದ. ಸೋನುನ್‌ಳ ತಮ್ಮ ಜಿರ್ಗಲ್ ಅಂಥದೊಂದು ನೆಲಮಾಳಿಗೆಯಲ್ಲಿ ಕೆಲಸಕ್ಕಿದ್ದ. ಅಕ್ಕನಿಗೆ ಬಿಟ್ಟಿ ಸೀಟು. ಮೂರನೆಯ ಸಿನಿಮಾದ ಕೊನೆಯಲ್ಲಿ ಬಂದೂಕಿನ ಆ ಹೆಂಗಸು, ಕ್ಯಾಪ್ಟನ್ ಓರ್ಲಾ, ತನ್ನ ಹಡಗು ಹತ್ತಿ ಕತ್ತಲೊಳಗೆ ಹೋಗುತ್ತಾಳೆ, ಅಲ್ಲಿಗೆ ಮುಗಿಯಿತು. ಆಮೇಲೆ ಸಿನಿಮಾ ಬರಲಿಲ್ಲ. ಪುಸ್ತಕ ಬಂದವು. ಸಿನಿಮಾ ನಿಂತ ಜಾಗದಿಂದಲೇ ಪುಸ್ತಕ ಹೊರಡುತ್ತಿತ್ತು. ಅಕ್ಕ ತಮ್ಮ ಇಬ್ಬರೂ ಒಂದೇ ಪುಸ್ತಕವನ್ನು ಕಿತ್ತಾಡಿಕೊಂಡು ಓದಿದರು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವರಿಗೆ ಅದೇ ಹಬ್ಬ.

ಆಸ್ಪತ್ರೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಒಂದೊಂದು ಬಟ್ಟಲು ಕುಮಿಸ್ ಕುಡಿಸುತ್ತಿದ್ದರು, ಕುದುರೆಯ ಹುಳಿಹಾಲು. ಅದು ಎದೆಗೆ ಒಳ್ಳೆಯದಂತೆ. ಕುಡಿದು ಎಲ್ಲರೂ ಮಲಗಬೇಕು, ಓಡಾಡಬಾರದು. ಆ ಹೊತ್ತಿನಲ್ಲಿ ಸೋನುನ್ ಓದುತ್ತಿದ್ದಳು. ಕಿಟಕಿ ಪಕ್ಕದ ಮಂಚದ ಉಲ್ಕಾನ್ ಅಪಾ ಒಂದು ವಾರ ನೋಡಿದಳು. ಮೇಲಿನ ನಾರಿನ್ ಕಡೆಯ ಕುರಿಗಾಹಿಗಳ ಮನೆಯವಳು, ಮೊಮ್ಮಕ್ಕಳನ್ನು ಕಂಡ ಮುದುಕಿ. ಅವಳನ್ನು ಎಲ್ಲರೂ ಅಪಾ, ಅಂದರೆ ಅವ್ವ ಅಂತಲೇ ಕರೆಯುತ್ತಿದ್ದರು. ಅವಳಿಗೆ ಬರುತ್ತಿದ್ದ ರಷ್ಯನ್ ಅಂದರೆ ಉಪ್ಪು, ಸಕ್ಕರೆ, ಸೀಮೆಎಣ್ಣೆ, ಅಷ್ಟೇ.

"ಏ ಹುಡುಗಿ, ದಿನಾ ಅದರಾಗ ಮುಖ ಹುಗಿದು ನಗತಿ, ಕಣ್ಣೀರ ಒರಸ್ಕೋತಿ. ಒಬ್ಬಾಕಿನ ತಿಂದರ ಹೊಟ್ಟಿ ನೋಯತೈತಿ. ನಮಗೂ ಒಂದು ತುತ್ತು ಹಾಕು."

"ಅಪಾ, ಇದಕ್ಕೆ ಹಿಂದಿನದೆಲ್ಲ ಗೊತ್ತಿರಬೇಕು. ಮೂರು ಸಿನಿಮಾ ಆದಮೇಲಿನ ಕಥೆ."

"ಹಂಗಾರ ಸಿನಿಮಾದಿಂದ ಹೇಳು. ನನಗೇನು ರೈಲು ತಪ್ಪತೈತೇನು?"

ಹಾಗೆ ಶುರುವಾಯಿತು. ಸೋನುನ್ ಸಿನಿಮಾಗಳನ್ನು ಬಾಯಿಯಲ್ಲಿ ಹೇಳಿದಳು. ಆಮೇಲೆ ಪುಸ್ತಕವನ್ನು ರಷ್ಯನ್ನಿನಲ್ಲಿ ಕಣ್ಣಾಡಿಸಿ ಕಿರ್ಗಿಜ್ ಮಾತಿನಲ್ಲಿ ಹೇಳುತ್ತ ಹೋದಳು. ಉಲ್ಕಾನ್ ಅಪಾ ಸುಮ್ಮನೆ ಕೇಳುವವಳಲ್ಲ, ಹೆಜ್ಜೆಹೆಜ್ಜೆಗೂ ತಡೆಯುತ್ತಿದ್ದಳು.

"ಈ ಓರ್ಲಾ ಯಾರ ಮಗಳು?"

"ಎಲ್ಲೂ ಹೇಳಿಲ್ಲ, ಅಪಾ."

"ಏಳು ತಲಿಮಾರಿನ ಹೆಸರು ಇರಲಿ, ಅಪ್ಪನ ಹೆಸರರ ಬ್ಯಾಡೇನು? ಅಪ್ಪ ಇಲ್ಲದಾಕಿಗೆ ಹಡಗ ಯಾರು ಕೊಟ್ರು?"

"ಯಾರೂ ಕೊಡ್ಲಿಲ್ಲ. ಅವಳೇ ಕದ್ದಳು."

"ಹಾಂ, ಹಂಗ ಹೇಳು ಮತ್ತ! ಹಡಗಂದ್ರ ಮುಗಿಲ ಕುದುರಿ, ಕುದುರಿ ಕದ್ದಾಕಿ ಅಂದ್ರ ನಮ್ಮ ಕಡೀ ಮನಿತನದಾಕಿನ ಇರಬೇಕು."

ಇಡೀ ವಾರ್ಡು ಕೆಮ್ಮುತ್ತ ನಕ್ಕಿತು. ರೈಕಾನ್ ಟೀಚರು ಗೋಡೆಯ ಕಡೆ ಹೊರಳಿದರು.

"ಉಲ್ಕಾನ್ ಅಪಾ, ಸಿನಿಮಾ ಮಾಡಿದವರು ಕಥೆ ಮುಗಿಸಿದ್ದಾರೆ. ಮುಗಿದದ್ದನ್ನ ಬೇರೆ ಯಾರೋ ಎಳೆದೂ ಎಳೆದೂ ಬರೆದದ್ದು ಇದು. ದುಡ್ಡಿಗೋಸ್ಕರ."

"ಯಾಕ ಮುಗೀತೈತಿ, ಟೀಚರವ್ವಾ? ನಮ್ಮ ವೀರರ ಕಥಿ ಹಾಡೂ ಹಾಡಗಾರ, ವೀರ ಸತ್ತ ಕೂಡ್ಲೆ ಟೊಪ್ಪಿಗಿ ಹಾಕ್ಕೊಂಡು ಎದ್ದು ಹೋಗ್ತಾನೇನು? ಮಗನ್ನ ಹಾಡ್ತಾನ, ಮೊಮ್ಮಗನ್ನ ಹಾಡ್ತಾನ. ಕೇಳೋರು ಕುಂತಿರೂತನಕ ಹಾಡ್ತಾನ. ಅವಂಗೂ ಕುರಿ ಮಾಂಸ ಕೊಡ್ತೀವಿ, ಪುಗಸಟ್ಟೆ ಹಾಡ್ತಾನೇನು?"

ಟೀಚರು ಹೊದಿಕೆಯನ್ನು ಹೆಗಲ ಮೇಲೆ ಎಳೆದುಕೊಂಡರು. ಆದರೆ ಗೋಡೆಯ ಕಡೆ ತಿರುಗಿದವರ ಕಿವಿ ಗೋಡೆಯಲ್ಲಿರಲಿಲ್ಲ. ಕೆಲವು ದಿನ ಕಳೆದು ಸೋನುನ್ ಒಂದು ರಷ್ಯನ್ ಪದವನ್ನು ಗಟ್ಟಿಯಾಗಿ ಓದಿ ತಪ್ಪು ಅರ್ಥ ಹೇಳಿದಾಗ ಆ ಕಡೆಯಿಂದ ದನಿ ಬಂತು: "ಅದು 'ಗೆದ್ದಳು' ಅಲ್ಲ, 'ತಪ್ಪಿಸಿಕೊಂಡಳು'. ವ್ಯತ್ಯಾಸ ಇದೆ." ಇನ್ನೊಂದು ದಿನ ಸೋನುನ್‌ಗೆ ಕೆಮ್ಮು ಹತ್ತಿ ಮುಂದೆ ಓದಲಾಗದೆ ಇದ್ದಾಗ ಟೀಚರೇ ಎದ್ದು ಬಂದು ಪುಸ್ತಕ ಕಸಿದುಕೊಂಡರು. "ನೀನು ನೀರು ಕುಡಿ. ಈ ದರಿದ್ರ ವಾಕ್ಯಗಳನ್ನ ನಾನೇ ನೆಟ್ಟಗೆ ಹೇಳ್ತೀನಿ." ಪಾಠ ಹೇಳಿದ ಗಂಟಲು, ಚೆನ್ನಾಗಿಯೇ ಹೇಳಿದರು.

ಎರಡು ಪುಸ್ತಕವೂ ಮುಗಿಯುತ್ತ ಬಂದಾಗ ಊರಿನಿಂದ ಬಂದ ನೆರೆಮನೆಯವನೊಬ್ಬ ಮೂರನೆಯದನ್ನು ತಂದುಕೊಟ್ಟ. ಜಿರ್ಗಲ್ ಕಳಿಸಿದ್ದು. "ನಾನೂ ಓದಿಲ್ಲ, ಆಸೆ ತಡ್ಕೊಂಡು ಕಳಿಸ್ತಿದ್ದೀನಿ ಅಂತ ಹೇಳು ಅಂದ" ಎಂದು ನೆರೆಯವನು ನಕ್ಕ. ನೆಲಮಾಳಿಗೆಯ ಸಿನಿಮಾ ಯಾವಾಗಲೋ ಮುಚ್ಚಿತ್ತು. ಜಿರ್ಗಲ್ ಈಗ ಲಾರಿ ಓಡಿಸುತ್ತಿದ್ದ. ಹೊರಗೆ ಹಿಮ ಸೊಂಟದ ತನಕ ಬಿದ್ದಿತ್ತು.

ಆಮೇಲೆ ಬಹಳ ದಿನ ಯಾರೂ ಬರಲಿಲ್ಲ. ಹಿಮ ಕರಗಿ ದಾರಿ ತೆರೆದಾಗ ಚಿಕ್ಕಮ್ಮ ಬಂದಳು. ಬಂದವಳು ಸೋನುನ್‌ಳ ಕೈ ಹಿಡಿದುಕೊಂಡು ಹೇಳಿದಳು. ಕಣಿವೆ ದಾಟುವಾಗ ಜಿರ್ಗಲ್‌ನ ಲಾರಿ ಜಾರಿ ಕೆಳಗೆ ಹೋಯಿತು. ಚಳಿಗಾಲದ ನಡುವಿನಲ್ಲೇ. ಮಣ್ಣೂ ಆಯಿತು, ನಲವತ್ತನೆಯ ದಿನದ ಊಟವೂ ಆಯಿತು.

"ನಿನ್ನ ಎದೆಗೂಡು ಹೀಗಿರೋವಾಗ ಹೇಗೆ ಹೇಳೋದು ಕಣೇ? ಡಾಕ್ಟರೂ ಬೇಡ ಅಂದ್ರು. ನಿನ್ನ ಹೊರಗೆ ಬಿಡ್ತಾನೂ ಇರ್ಲಿಲ್ಲ."

"ಹೂಂ," ಅಂದಳು ಸೋನುನ್.

ಕಿರ್ಗಿಜರಲ್ಲಿ ಸಾವಾದ ಮನೆಯ ಮುಂದೆ ಕಂಬಳಿಗುಡಾರ ಹಾಕುತ್ತಾರೆ. ಗಂಡಸರು ಹೊರಗೆ ಕೋಲೂರಿ ನಿಂತು ಗೋಳಿಡುತ್ತಾರೆ. ಒಳಗೆ ಹೆಂಡತಿ, ಅಕ್ಕತಂಗಿಯರು ಗೋಡೆಗೆ ಮುಖ ಮಾಡಿ ಕೂತು ಸತ್ತವನನ್ನು ಹಾಡಿ ಅಳುತ್ತಾರೆ. ಜಿರ್ಗಲ್‌ಗೆ ಹೆಂಡತಿಯಿರಲಿಲ್ಲ. ಅಕ್ಕನೂ ಅಲ್ಲಿರಲಿಲ್ಲ. ಯಾರು ಹಾಡಿದರು ಎಂದು ಕೇಳಬೇಕು ಅಂತ ಸೋನುನ್‌ಗೆ ಅನ್ನಿಸಿತು. ಕೇಳಲಿಲ್ಲ. ಚಿಕ್ಕಮ್ಮ ತಂದ ಕರಿದ ಹಿಟ್ಟಿನ ಬೋರ್ಸೋಕನ್ನು ವಾರ್ಡಿನವರಿಗೆಲ್ಲ ಹಂಚಿದಳು, ಔಷಧಿ ನುಂಗಿದಳು, ಮಲಗಿದಳು. ಒಂದು ಹನಿ ಕಣ್ಣೀರು ಬರಲಿಲ್ಲ. ಮರುದಿನ ಮಧ್ಯಾಹ್ನ ಕುಮಿಸ್ ಕುಡಿದು ತಾನಾಗಿಯೇ ಮೂರನೆಯ ಪುಸ್ತಕ ತೆಗೆದಳು.

"ಇವತ್ತು ಬ್ಯಾಡ, ತಂಗಿ," ಅಂದಳು ಉಲ್ಕಾನ್ ಅಪಾ.

"ಪರವಾಗಿಲ್ಲ, ಅಪಾ. ಎಲ್ಲಿಗೆ ನಿಂತಿತ್ತು?"

ಹೀಗೆ ಹತ್ತಾರು ಮಧ್ಯಾಹ್ನ ಹೋದವು. ಈ ಮೂರನೆಯದರಲ್ಲಿ ಸೂರ್ಯನೇ ಸತ್ತುಹೋಗುತ್ತಿತ್ತು. ದೂರದ ಬಂದರಿನಲ್ಲಿ ಸಾವಿರಾರು ಜನ ಸಿಕ್ಕಿಕೊಂಡಿದ್ದರು. ಅವರನ್ನೆಲ್ಲ ಆಕಾಶದಲ್ಲಿರುವ ಒಂದು ಬಾಗಿಲಿನಿಂದ ಆಚೆ ದಾಟಿಸಬೇಕು. ಬಾಗಿಲು ತೆರೆದಿರಬೇಕಾದರೆ ಯಾರಾದರೂ ಈಚೆ ನಿಂತು ಹಿಡಿದುಕೊಂಡಿರಬೇಕು. ಓರ್ಲಾ ತನ್ನ ಹಡಗನ್ನು ಗೆಳೆಯ ಟಾಸ್ಕರ್‌ನ ಕೈಗೆ ಕೊಟ್ಟು ತಾನು ನಿಂತಳು. ಸೋನುನ್‌ಳ ಕಣ್ಣು ಬಾಯಿಗಿಂತ ಮುಂದೆ ಓಡುತ್ತಿತ್ತು. ಪುಟದ ಕೆಳಗೆ ಏನಿದೆ ಎಂದು ಕಂಡಿತು. ಕೊನೆಯ ಹಡಗು ದಾಟಿತು. ಬಾಗಿಲು ಮುಚ್ಚಿತು. ಓರ್ಲಾ ಈಚೆ ಉಳಿದಳು.

ಸೋನುನ್ ಪುಟದ ಕೆಳಗಿನ ಸಾಲುಗಳ ಮೇಲೆ ಅಂಗೈ ಇಟ್ಟು ಹೇಳಿದಳು: "ಆಗ ಓರ್ಲಾ ಎಲ್ಲಾ ಶಕ್ತಿ ಹಾಕಿ ಜಿಗಿದಳು. ಟಾಸ್ಕರ್ ಕೈ ಚಾಚಿದ. ಬಾಗಿಲು ಮುಚ್ಚೋದರೊಳಗೆ ಅವಳು ಹಡಗಿನೊಳಗಿದ್ದಳು."

ಯಾರೋ ಉಸಿರು ಬಿಟ್ಟರು. ಉಲ್ಕಾನ್ ಅಪಾ ಬಿಡಲಿಲ್ಲ.

"ಸುಳ್ಳು."

"ಏನು, ಅಪಾ?"

"ಇಲ್ಲೀತನ ನಿನ್ನ ದನಿ ಪುಸ್ತಕದಾಗಿತ್ತು. ಈಗ ನಿನ್ನ ಬಾಯಾಗ ಬಂತು. ನಾ ಹುಟ್ಟಿದಾಗಿಂದ ಹಾಡು ಕೇಳಿದಾಕಿ, ನನಗ ಗೊತ್ತಾಗೂದಿಲ್ಲೇನು? ಸತ್ತಳೇನು?"

ಸೋನುನ್ ಪುಸ್ತಕ ಮುಚ್ಚಿದಳು.

"ಸತ್ತಳು," ಎಂದಿತು ಬಾಗಿಲ ಬಳಿಯ ಮಂಚ. "ಮೊನ್ನೆ ಇವಳು ಎಕ್ಸ್‌ರೇಗೆ ಹೋದಾಗ ನಾನು ಕೊನೇ ತನಕ ಓದಿಬಿಟ್ಟೆ." ಟೀಚರ ದನಿ ಎಂದಿನಂತಿರಲಿಲ್ಲ. "ಅವನಿಗೆ ಬರೆಯೋಕೆ ಬರಲ್ಲ, ಆ ಬರೆದವನಿಗೆ. ಆದರೂ..."

"ಹಂಗಾರ ಸರಿಯಾಗಿ ಹೇಳು, ತಂಗಿ," ಅಂದಳು ಉಲ್ಕಾನ್ ಅಪಾ. "ಹಾಡಗಾರ ಸಾವು ಬಂದಲ್ಲಿ ಹಾರಿಸಿ ಹೋದ್ರ ಸತ್ತಾಕಿಗೆ ಅವಮಾನ. ಅಷ್ಟು ಮಂದೀನ್ನ ದಾಟಿಸಿದಾಕಿಗೆ ಅಳೂ ಮಂದಿ ಇಲ್ಲದಂಗ ಮಾಡ್ತೀಯೇನು?"

ಸೋನುನ್ ಓದಿದಳು. ಇದ್ದದ್ದು ಇದ್ದ ಹಾಗೆ. ಓದಿ ಮುಗಿಸಿದಾಗ ಉಲ್ಕಾನ್ ಅಪಾ ಮಂಚದ ಮೇಲೆ ಎದ್ದು ಕೂತಳು, ತಲೆಯ ಬಿಳಿ ಬಟ್ಟೆ ಸರಿಮಾಡಿಕೊಂಡಳು, ಕಿಟಕಿಗೆ ಬೆನ್ನು ಹಾಕಿ ಗೋಡೆಗೆ ಮುಖ ಮಾಡಿದಳು, ಎರಡೂ ಕೈ ಸೊಂಟಕ್ಕಿಟ್ಟು ಹಾಡತೊಡಗಿದಳು.

"ಮುಗಿಲ ಬಾಗಿಲ ಹಿಡಿದು ನಿಂತಾಕಿ, ನನ ಮಗಳ,
ಸಾವಿರ ಮಂದೀನ್ನ ಆಚಿ ದಡಕ ಕಳಿಸಿದಾಕಿ,
ನಿನ್ನ ಕೈಹಿಡಿದು ದಾಟಿಸಾಕ ಒಬ್ಬರಿಲ್ಲಾತಲ್ಲ!
ಅಪ್ಪನ ಹೆಸರ ಕೇಳಿ ನಕ್ಕಿದ್ದೆ ನಾ, ನನ ಮಗಳ,
ಅಪ್ಪಂದ್ಯಾಕ ಬೇಕಿತ್ತು, ನಿನ್ನ ಹೆಸರ ಸಾಕಿತ್ತಲ್ಲ!"

ಆ ಎದೆಯಲ್ಲಿ ಅಷ್ಟು ದನಿ ಎಲ್ಲಿತ್ತೋ. ಪಕ್ಕದ ಮಂಚದವಳು ತಲೆವಸ್ತ್ರದ ತುದಿ ಬಾಯಿಗಿಟ್ಟು ಸೇರಿಕೊಂಡಳು. ಅದರ ಪಕ್ಕದವಳೂ ಸೇರಿದಳು. ಗೋಳು ಕಾರಿಡಾರಿಗೆ ಹರಿಯಿತು. ನರ್ಸ್ ಬಾತ್ಮಾ ಚಪ್ಪಲಿ ಬಡಿದುಕೊಂಡು ಓಡಿಬಂದಳು.

"ಯಾರು ಹೋದ್ರು? ಯಾವ ಮಂಚ? ಅಯ್ಯೋ, ಬೆಳಗ್ಗೆ ಎಲ್ಲರೂ ಗಂಜಿ ಕುಡಿದ್ರಲ್ಲ!"

"ಕ್ಯಾಪ್ಟನ್ ಓರ್ಲಾ," ಅಂದರು ರೈಕಾನ್ ಟೀಚರು, ಕನ್ನಡಕ ಒರೆಸಿಕೊಳ್ಳುತ್ತ.

"ಅಂಥ ಪೇಷಂಟು ನನ್ನ ವಾರ್ಡಲ್ಲಿ ಇಲ್ವಲ್ಲ!"

"ಪುಸ್ತಕದಲ್ಲಿ."

ಬಾತ್ಮಾ ಸೊಂಟಕ್ಕೆ ಕೈಯಿಟ್ಟಳು. "ನಿಮಗೆಲ್ಲ ತಲೆ ಕೆಟ್ಟಿದೆಯಾ? ಎದೆ ಹರಿದುಕೊಂಡು ಅಳೋಕೆ ಪುಸ್ತಕದ ಹೆಣ ಬೇಕಾ? ನಿಮಗೆ ಕೊಡೋ ಔಷಧಿ ಏನು..." ಮಾತು ಅಲ್ಲೇ ನಿಂತಿತು. ಹಾಡಿನೊಳಗೆ ಇನ್ನೊಂದು ದನಿ ಸೇರಿತ್ತು. ಸೋನುನ್ ಪುಸ್ತಕವನ್ನು ತೊಡೆಯ ಮೇಲೆ ಬೋರಲು ಹಾಕಿ, ಉಲ್ಕಾನ್ ಅಪಾಳ ಮಂಚದ ತುದಿಯಲ್ಲಿ, ಅದೇ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವಳಿಗೆ ಹಾಡಲು ಬರುತ್ತಿರಲಿಲ್ಲ, ನಗರದ ಹುಡುಗಿ. ಮಾತೇ ಮುರಿದು ಮುರಿದು ಬರುತ್ತಿತ್ತು.

"ಬಾಗಿಲ ಹಿಡಿದು ನಿಂತವಳೇ... ನಿನ್ನ ಹತ್ರ ಯಾರೂ ಇರಲಿಲ್ಲವಲ್ಲ... ಹಿಮದಲ್ಲಿ ನೀನೊಬ್ಬನೇ ಇದ್ಯಲ್ಲ... ಅಕ್ಕ ಬೆಚ್ಚಗೆ ಮಲಗಿದ್ದಳಲ್ಲ, ಜಿರ್ಗಲ್... ಅಕ್ಕ ಕಥೆ ಹೇಳ್ಕೊಂಡು ನಗ್ತಾ ಇದ್ದಳಲ್ಲ..."

ಉಲ್ಕಾನ್ ಅಪಾ ತಿರುಗಿ ನೋಡಲಿಲ್ಲ, ನಿಲ್ಲಿಸಲೂ ಇಲ್ಲ. ಮುಂದಿನ ಸಾಲಿನಲ್ಲಿ ಓರ್ಲಾಳ ಜಾಗದಲ್ಲಿ ಜಿರ್ಗಲ್‌ನನ್ನು ಕೂರಿಸಿ, ಅವನ ಲಾರಿಯನ್ನು ಕುದುರೆ ಮಾಡಿ, ಕಣಿವೆಯನ್ನು ಬೈದು ಹಾಡಿದಳು. ಸೋನುನ್ ಅವಳ ಹಿಂದೆ ಹಿಂದೆ ಹೇಳಿದಳು. ಬಾತ್ಮಾ ವಾರ್ಡಿನ ಬಾಗಿಲು ಮುಚ್ಚಿ, ಒಂದು ಖಾಲಿ ಮಂಚದ ಮೇಲೆ ತಾನೂ ಕೂತಳು.

ಬೇಸಿಗೆ ಬರುವಷ್ಟರಲ್ಲಿ ಉಲ್ಕಾನ್ ಅಪಾಳನ್ನು ಮಕ್ಕಳು ಬಂದು ಕರೆದುಕೊಂಡು ಹೋದರು. ಒಂದು ಶ್ವಾಸಕೋಶ ಅರ್ಧ ಹೋಗಿತ್ತು, ಉಳಿದದ್ದರಲ್ಲೇ ಬೈಯುತ್ತಿದ್ದಳು. ಶರತ್ಕಾಲಕ್ಕೆ ಸೋನುನ್‌ಳನ್ನೂ ಬಿಟ್ಟರು. ಮತ್ತೆ ಟ್ರಾಲಿಬಸ್ ಏರಿದಳು. ಮನೆಯಲ್ಲಿ ಜಿರ್ಗಲ್‌ನ ಕೋಟು ಮೊಳೆಗೆ ತೂಗುತ್ತಿತ್ತು. ಅದನ್ನು ಚಿಕ್ಕಮ್ಮನ ಮಗನಿಗೆ ಕೊಟ್ಟಳು. ಒಬ್ಬಳೇ ಅಡುಗೆ ಮಾಡಿಕೊಳ್ಳುವುದು ಅಭ್ಯಾಸವಾಯಿತು.

ಮುಂದಿನ ಬೇಸಿಗೆ ಬಜಾರಿನ ಪುಸ್ತಕದಂಗಡಿಯ ಮುಂದೆ ಹೋಗುತ್ತಿದ್ದವಳು ಗಕ್ಕನೆ ನಿಂತಳು. ನಾಲ್ಕನೆಯ ಪುಸ್ತಕ. ರಟ್ಟಿನ ಮೇಲೆ ಓರ್ಲಾ. ಅದೇ ಕೂದಲು, ಅದೇ ಬಂದೂಕು. ಡಿಪೋದಲ್ಲಿ ಸರದಿ ಕಾಯುತ್ತ ಕೂತು ಓದಿದಳು. ಓರ್ಲಾ ಸತ್ತೇ ಇರಲಿಲ್ಲವಂತೆ. ಮುಚ್ಚುವ ಬಾಗಿಲು ಅವಳನ್ನು ಬೇರೊಂದು ಆಕಾಶಕ್ಕೆ ಎಸೆದಿತ್ತಂತೆ. ಹಿಂದಿನದೆಲ್ಲ ಮರೆತುಹೋಗಿ ಯಾವುದೋ ಲೋಕದಲ್ಲಿ ಮೀನು ಹಿಡಿದು ಬದುಕುತ್ತಿದ್ದಳಂತೆ. ಖುಷಿಯಾಗಬೇಕಿತ್ತು. ಸೋನುನ್‌ಗೆ ಮೈ ಉರಿದುಹೋಯಿತು. ಸಂಜೆಯ ಟ್ರಿಪ್ಪಿನಲ್ಲಿ ತಡಮಾಡಿ ಇಳಿದ ಮುದುಕನೊಬ್ಬನ ಮೇಲೆ ರೇಗಿದಳು, ಆಮೇಲೆ ನಾಚಿದಳು. ರಜೆ ಹಾಕಿ ನಾರಿನ್ ಕಡೆಯ ಬಸ್ಸು ಹಿಡಿದಳು.

ಉಲ್ಕಾನ್ ಅಪಾಳ ಮನೆಯವರು ಬೇಸಿಗೆಯ ಹುಲ್ಲುಗಾವಲಿಗೆ ಹೋಗಿದ್ದರು. ಉಣ್ಣೆ ತರಲು ಹೊರಟ ಲಾರಿಯೊಂದು ಅವಳನ್ನು ಮೇಲೆ ಮುಟ್ಟಿಸಿತು. ಕಂಬಳಿಗುಡಾರದ ಮುಂದೆ ಮುದುಕಿ ಬಿಸಿಲಿಗೆ ಕಾಲು ಚಾಚಿ ಕೂತು ಮೊಸರಿನ ಉಂಡೆ ಒಣಗಿಸುತ್ತಿದ್ದಳು. ಮೊದಲಿಗಿಂತ ಸಣ್ಣಗಾಗಿದ್ದಳು.

"ಅಯ್ಯ, ಟ್ರಾಲಿಬಸ್ಸು ಗುಡ್ಡಾನೂ ಹತ್ತತೈತೇನು! ಬಾ, ಬಾ. ಏನರ ತಿಂದಿಯೋ ಇಲ್ಲೋ?"

"ಅಪಾ, ಓರ್ಲಾ ಬದುಕಿದ್ದಾಳಂತೆ!" ಸೋನುನ್ ಚೀಲದಿಂದ ಪುಸ್ತಕ ತೆಗೆದು ಹುಲ್ಲಿನ ಮೇಲೆ ಒಗೆದಳು. "ಸತ್ತೇ ಇಲ್ಲವಂತೆ. ನಾವು ಅಷ್ಟು ಅತ್ತದ್ದು ಏನಾಯ್ತು? ನೀವು ಹಾಡಿದ್ದು ಏನಾಯ್ತು? ಆಟ ಆಡ್ತಾರಾ ನಮ್ಮ ಜೊತೆ?"

ಉಲ್ಕಾನ್ ಅಪಾ ಪುಸ್ತಕ ಎತ್ತಿ ರಟ್ಟಿಗಂಟಿದ ಹುಲ್ಲು ಕೊಡವಿದಳು.

"ಇದನ್ನ ಬರದಾಂವ ಅಂವನ ಏನು?"

"ಅಲ್ಲ. ಬೇರೆ ಹೆಸರಿದೆ."

"ಮತ್ತ! ಬ್ಯಾರೆ ಹಾಡಗಾರ. ಒಬ್ಬಾಂವ ಕೊಲ್ತಾನ, ಇನ್ನೊಬ್ಬಾಂವ ಎಬ್ಬಸ್ತಾನ. ಈ ಕಣಿವ್ಯಾಗ ಸತ್ತ ವೀರ ಆ ಕಣಿವ್ಯಾಗ ಹೆಂಡ್ತೀ ಕೂಡ ಊಟ ಮಾಡತಿರತಾನ. ನಾ ಎಷ್ಟು ನೋಡಿಲ್ಲ. ನಮ್ಮ ಕಣ್ಣೀರೇನು ಸಾಲ ಕೊಟ್ಟದ್ದೇನು, ತಿರುಗಿ ಇಸ್ಕೊಳಾಕ?"

"ಹಾಗಲ್ಲ ಅಪಾ." ಸೋನುನ್ ಅವಳ ಪಕ್ಕದಲ್ಲಿ ಕೂತಳು. "ಅವಳನ್ನ ವಾಪಸ್ ಕೊಟ್ಟರು. ಇಬ್ಬರಿಗೂ ಒಟ್ಟಿಗೆ ಅತ್ವಿ. ಅವಳನ್ನ ಮಾತ್ರ ಕೊಟ್ಟರು."

ಮುದುಕಿ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಅವಳ ಬೆನ್ನ ಮೇಲಿಟ್ಟಳು.

"ಹೂಂ, ತಂಗಿ. ಅಂವನ್ನ ಕೊಡಂಗಿಲ್ಲ."

ಕೆಳಗೆ ತೊರೆಯ ಪಕ್ಕ ಕುದುರೆಗಳನ್ನು ಕಟ್ಟಿದ್ದರು, ಮರಿಗಳು ಕೆನೆಯುತ್ತಿದ್ದವು. ಸ್ವಲ್ಪ ಹೊತ್ತಿಗೆ ಮುದುಕಿಯ ಕಿರಿಯ ಸೊಸೆ ಹಾಲು ಕರೆಯುವ ತೊಗಲಿನ ಕೊಡ ಹಿಡಿದು ಬಂದು, ಅತ್ತು ಕೆಂಪಾದ ಮುಖದ ಅತಿಥಿಯನ್ನು ಕಂಡು ತಬ್ಬಿಬ್ಬಾದಳು.

"ಇಕಿ ನನ್ನ ಆಸ್ಪತ್ರಿ ಮಗಳು," ಅಂದಳು ಉಲ್ಕಾನ್ ಅಪಾ. "ಸುಮ್ನ ಕುಂದ್ರಸಬ್ಯಾಡ, ಮರೀ ಹಿಡ್ಕೊಳಾಕ ಹಚ್ಚು."

ಆ ದಿನ ಓದಲಿಲ್ಲ. ಸೋನುನ್ ಮರಿಯ ಕೊರಳು ತಬ್ಬಿ ನಿಂತಳು, ಸೊಸೆ ಹಾಲು ಕರೆದಳು. ತಾಯಿಕುದುರೆ ಒಮ್ಮೆ ಇವಳ ಭುಜ ಮೂಸಿತು. ಓದಿದ್ದು ಮರುದಿನ ಮಧ್ಯಾಹ್ನ, ಗುಡಾರದ ನೆರಳಿನಲ್ಲಿ. ಸೊಸೆಯರಿಗೆ ಹಿಂದಿನದೆಲ್ಲ ಗೊತ್ತಿತ್ತು, ಚಳಿಗಾಲ ಪೂರ್ತಿ ಅತ್ತೆ ಅದನ್ನೇ ಹೇಳಿದ್ದಳಂತೆ, ಓರ್ಲಾಳಿಗೆ ಒಬ್ಬ ಅಪ್ಪನನ್ನೂ ಏಳು ತಲೆಮಾರನ್ನೂ ಸೇರಿಸಿ. ಓರ್ಲಾ ಟಾಸ್ಕರ್‌ನ ಎದುರು ನಿಂತು 'ನೀನು ಯಾರು' ಎಂದು ಕೇಳುವಲ್ಲಿಗೆ ಬಂದಾಗ ಸೋನುನ್ ಒಂದು ಸಾಲೂ ಬಿಡದೆ ಓದಿದಳು.

"ಈ ಹಾಡಗಾರ ತೆಳು," ಅಂದಳು ಉಲ್ಕಾನ್ ಅಪಾ ಕೇಳಿ ಕೇಳಿ. "ಮೊದಲಿನವನಷ್ಟು ಗಂಟಲಿಲ್ಲ ಇವಂಗ. ಇರ್ಲಿ, ಬಂದಾಳಲ್ಲ. ಬಂದಾಕಿನ್ನ ಬಾಗಿಲದಾಗ ನಿಂದ್ರಸಬಾರ್ದು. ಮುಂದ ಹೇಳು."

ಪುಸ್ತಕ ಮುಗಿಯುವ ಹೊತ್ತಿಗೆ ಸೋನುನ್‌ಳ ರಜೆಯೂ ಮುಗಿದಿತ್ತು. ಉಣ್ಣೆಯ ಲಾರಿ ಇಳಿಯುವ ದಿನ ಕಿರಿಯ ಸೊಸೆ ಪುಸ್ತಕವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅವಳಿಗೆ ರಷ್ಯನ್ ಓದಲು ಬರುತ್ತಿತ್ತು. ಸೋನುನ್ ಅದನ್ನು ಅಲ್ಲೇ ಬಿಟ್ಟು, ಉಣ್ಣೆಮೂಟೆಗಳ ಮೇಲೆ ಹತ್ತಿ ಕೂತು ಊರಿಗೆ ಹೊರಟಳು. ಕಣಿವೆ ದಾಟುವ ತನಕ ಲಾರಿಯವನಿಗೆ ನಿಧಾನ, ನಿಧಾನ ಎಂದು ಮೇಲಿನಿಂದ ಕೂಗುತ್ತಲೇ ಇದ್ದಳು. ಅವನೂ ಬೈಯದೆ ನಿಧಾನವಾಗಿಯೇ ಓಡಿಸಿದ.